ಆರ್‌ಒ ಪಕ್ಕದ ಬಿಳಿ ಫಿಲ್ಟರ್: ಕೋಲಾರದ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಬಂಗಾರಪೇಟೆ, ಮಾಲೂರು, ಶ್ರೀನಿವಾಸಪುರ ಕಡೆ ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಮೆಷಿನ್ ಸರ್ವೀಸ್ ಮಾಡಿಕೊಂಡು ಓಡಾಡುವವನು ನಾನು. ಹೋದ ಮನೆಗಳಲ್ಲೆಲ್ಲ ಜನ ಮೆಷಿನ್ ಬಗ್ಗೆ ಕೇಳುವುದಕ್ಕಿಂತ ಅದರ ಪಕ್ಕದಲ್ಲಿ ಗೋಡೆಗೆ ಹೊಡೆದಿರುವ ಪ್ರೀ ಫಿಲ್ಟರ್ ಬಗ್ಗೆಯೇ ಜಾಸ್ತಿ ಕೇಳುತ್ತಾರೆ. ಒಂದೊಂದು ಮನೆಯಲ್ಲೂ ಹೇಳಿದ್ದನ್ನೇ ಹೇಳುವ ಬದಲು, ಎಲ್ಲರಿಗೂ ಉಪಯೋಗವಾಗಲಿ ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ಈ ಪ್ರೀ ಫಿಲ್ಟರ್ ಮಾಡುವ ಕೆಲಸ ಏನು?

ಮಣ್ಣು, ಮರಳು, ಪೈಪಿನ ತುಕ್ಕು, ಪಾಚಿಯ ಚೂರು, ಹೀಗೆ ನೀರಲ್ಲಿ ಕರಗದೆ ತೇಲುವುದನ್ನು ಹಿಡಿಯುವುದು. ಅಷ್ಟೇ. ಫಿಲ್ಟರ್‌ನ ಪ್ಲಾಸ್ಟಿಕ್ ಪಾತ್ರೆ, ಅಂದರೆ ಬೌಲ್ ಒಳಗೆ ನಿಂತಿರುವ ಬಿಳಿ ಕೊಳವೆಯನ್ನು ನಾವು ಸ್ಪನ್ ಅಂತ ಕರೆಯುತ್ತೇವೆ, ಕೆಲವರು ಕ್ಯಾಂಡಲ್ ಅನ್ನುತ್ತಾರೆ. ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ಕನ್ನು ಕರಗಿಸಿ, ಕೂದಲಿಗಿಂತ ಸಣ್ಣ ಎಳೆಗಳಾಗಿ ಊದಿ, ಒಂದರ ಮೇಲೊಂದು ಸುತ್ತಿ ಮಾಡಿರುತ್ತಾರೆ. ನೀರು ಹೊರಗಿನಿಂದ ಒಳಗೆ ನುಗ್ಗಿ, ನಡುವಿನ ತೂತಿನಿಂದ ಮೇಲೆ ಹೋಗುತ್ತದೆ. ಒಳ್ಳೆಯ ಸ್ಪನ್ ಹೊರಗಡೆ ಸಡಿಲವಾಗಿ, ಒಳಗೆ ಹೋದಂತೆ ಬಿಗಿಯಾಗಿ ಇರುತ್ತದೆ. ದಪ್ಪ ಕೊಳೆ ಹೊರಗೇ ನಿಲ್ಲುತ್ತದೆ, ಸಣ್ಣದು ಒಳಪದರದಲ್ಲಿ ಸಿಕ್ಕಿಕೊಳ್ಳುತ್ತದೆ.

ಡ್ರಿಪ್ ಹಾಕಿರುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೊಮೆಟೊ ತೋಟದ ಮೋಟಾರ್ ಮನೆ ಪಕ್ಕ ಸ್ಕ್ರೀನ್ ಫಿಲ್ಟರ್ ಇಲ್ಲದಿದ್ದರೆ ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ ಅಲ್ವಾ, ಇಲ್ಲೂ ಅದೇ ಲೆಕ್ಕ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಡ್ರಿಪ್ಪಿನ 120 ಮೆಶ್ (ಇಂಚಿಗೆ 120 ಕಣ್ಣು) ಜಾಲರಿ ಸುಮಾರು 130 ಮೈಕ್ರಾನ್‌ಗಿಂತ ದೊಡ್ಡ ಕಣ ತಡೆಯುತ್ತದೆ. ಮನೆಯ ಸ್ಪನ್ 5 ಅಥವಾ 10 ಮೈಕ್ರಾನ್ ತಡೆಯಬೇಕು. ಕಾಯಬೇಕಾದ್ದು ಡ್ರಿಪ್ಪರ್ ಅಲ್ಲ, ಅದಕ್ಕಿಂತ ಎಷ್ಟೋ ಪಾಲು ಸೂಕ್ಷ್ಮವಾದ ಮೆಂಬ್ರೇನ್, ಅಂದರೆ ಆರ್‌ಒ ಒಳಗೆ ನೀರು ಸೋಸುವ ತೆಳು ಪರದೆ.

ಇದನ್ನು ಹಾಕಿದರೆ ಫ್ಲೋರೈಡ್ ಹೋಗುತ್ತಾ? ಟಿಡಿಎಸ್ ಕಡಿಮೆ ಆಗುತ್ತಾ?

ಇಲ್ಲ. ಎರಡೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಇದನ್ನು ಜೋರಾಗಿಯೇ ಹೇಳಬೇಕು.

ಫ್ಲೋರೈಡ್, ನೈಟ್ರೇಟ್, ಗಡಸು ನೀರಿನ ಸುಣ್ಣದ ಅಂಶ, ಇವೆಲ್ಲ ಉಪ್ಪು ಕರಗಿದಂತೆ ನೀರಲ್ಲಿ ಕರಗಿರುತ್ತವೆ. ಹೀಗೆ ಕರಗಿರುವುದರ ಒಟ್ಟು ಲೆಕ್ಕವೇ ಟಿಡಿಎಸ್. ಸ್ಪನ್ ಒಳಗೆ ಸಲೀಸಾಗಿ ದಾಟಿ ಹೋಗುತ್ತವೆ. ಕುಡಿಯುವ ನೀರಿಗೆ ಇರುವ ಭಾರತೀಯ ಮಾನಕ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಕೋಲಾರದ ಆಳದ ಬೋರ್‌ವೆಲ್‌ಗಳಲ್ಲಿ ಅದನ್ನು ಮೀರುವುದು ಹೊಸ ವಿಷಯವೇನಲ್ಲ. ಊರೂರಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ನೀರಿನ ಘಟಕ ಬಂದದ್ದಕ್ಕೆ ಅದೂ ಒಂದು ಕಾರಣ. ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ.

ಫ್ಲೋರೈಡ್ ತಡೆಯುವುದು ಆರ್‌ಒ ಒಳಗಿನ ಮೆಂಬ್ರೇನ್. ಅದಕ್ಕೆ ಮಣ್ಣು ಮೆತ್ತಿಕೊಂಡರೆ ನೀರು ಕಡಿಮೆ ಬರುತ್ತದೆ. ಆಗ ಕೆಲವರು ನೀರು ಬೇಗ ಬರಲಿ, ರುಚಿ ಬರಲಿ ಅಂತ ಟಿಡಿಎಸ್ ಸ್ಕ್ರೂ ತಿರುಗಿಸಿಬಿಡುತ್ತಾರೆ. ಅದು ಮೆಂಬ್ರೇನ್ ದಾಟದ ನೀರನ್ನು ಲೋಟಕ್ಕೆ ಬೆರೆಸುತ್ತದೆ, ಅದರ ಜೊತೆ ಫ್ಲೋರೈಡ್ ಕೂಡ ಬರುತ್ತದೆ. ಫ್ಲೋರೈಡ್ ಇರುವ ಊರಲ್ಲಿ ಆ ಸ್ಕ್ರೂ ಪೂರ್ತಿ ಮುಚ್ಚಿರಲಿ. ಮನೆಯಲ್ಲಿ ಹಲ್ಲು ಬರುತ್ತಿರುವ ಮಕ್ಕಳಿದ್ದರಂತೂ ಇದನ್ನು ನೀವೇ ನಿಂತು ನೋಡಿಕೊಳ್ಳಿ. ಮೆಂಬ್ರೇನ್ ಚೆನ್ನಾಗಿರಬೇಕಾದರೆ ಮುಂದಿನ ಸ್ಪನ್ ಚೆನ್ನಾಗಿರಬೇಕು.

ನಮ್ಮ ನೀರು ನೋಡೋಕೆ ತಿಳಿಯಾಗಿದೆ. ಆದರೂ ಬೇಕಾ?

ಬೇಕು. ನಮ್ಮ ಕಣ್ಣಿಗೆ ಸುಮಾರು 40–50 ಮೈಕ್ರಾನ್‌ಗಿಂತ ಸಣ್ಣ ಕಣ ಬಿಡಿಬಿಡಿಯಾಗಿ ಕಾಣುವುದಿಲ್ಲ.

ಒಂದು ಬಾಟಲ್ ಪರೀಕ್ಷೆ ಮಾಡಿ. ಬಣ್ಣವಿಲ್ಲದ ಒಂದು ಲೀಟರ್ ಬಾಟಲ್‌ಗೆ ಪ್ರೀ ಫಿಲ್ಟರ್‌ಗೆ ಹೋಗುವ ನಲ್ಲಿಯ ನೀರನ್ನೇ ಹಿಡಿಯಿರಿ. ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆ ಕಿಟಕಿ ಬೆಳಕಿಗೆ ಹಿಡಿದು ತಳ ನೋಡಿ. ಮರಳಿನಂತೆ ಕುಳಿತಿದ್ದರೆ ಬೋರ್‌ವೆಲ್‌ನಿಂದ ಬಂದಿರಬಹುದು. ಕಾವಿ ಬಣ್ಣದ ನಯವಾದ ಪದರ ಇದ್ದರೆ ಕೆಮ್ಮಣ್ಣು. ಹಿಡಿದಾಗ ತಿಳಿಯಾಗಿದ್ದು ಬೆಳಗಾಗುವಷ್ಟರಲ್ಲಿ ಇಡೀ ನೀರೇ ಕಂದು ತಿರುಗಿದ್ದರೆ ಕಬ್ಬಿಣ. ತಳದಲ್ಲಿ ಏನೂ ಕೂರದೆ ನೀರು ಮಸುಕಾಗಿಯೇ ಉಳಿದಿದ್ದರೆ ತುಂಬಾ ಸಣ್ಣ ಜೇಡಿ. ಸ್ಪನ್‌ಗೆ ಕಷ್ಟ ಕೊಡುವುದು ಈ ಕೊನೆಯದೇ.

ಮೋಟಾರ್ ಆನ್ ಮಾಡಿದ ಕೂಡಲೇ ಒಂದು ಸಲ, ಅರ್ಧ ಗಂಟೆ ಓಡಿದ ಮೇಲೆ ಒಂದು ಸಲ ಹಿಡಿದು ಹೋಲಿಸಿ. ಕರೆಂಟ್ ಹೋಗಿ ಬಂದ ಮೇಲೆ ಮೊದಲು ಬರುವ ನೀರು ಎಷ್ಟು ಕೆಂಪಾಗಿರುತ್ತದೆ ಅಂತ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಅನುಕೂಲ ಇದ್ದರೆ ಆ ನೀರನ್ನು ನೆಲದ ಸಂಪ್ ತೊಟ್ಟಿಗೆ ಬಿಡದೆ ಗಿಡಕ್ಕೆ ಬಿಡಿ.

5 ಮೈಕ್ರಾನ್ ತರಬೇಕಾ, 10 ತರಬೇಕಾ, 1 ತಂದರೆ ಇನ್ನೂ ಒಳ್ಳೆಯದಾ?

ಸಣ್ಣ ನಂಬರ್ ಇದ್ದಷ್ಟೂ ಒಳ್ಳೆಯದು ಅನ್ನುವುದು ತಪ್ಪು ತಿಳುವಳಿಕೆ. ಆರ್‌ಒ ಮುಂದೆ ಒಂದೇ ಬೌಲ್ ಇದ್ದರೆ 5 ಮೈಕ್ರಾನ್ ಸಾಕು. ಮಣ್ಣು ಜಾಸ್ತಿ ಇದ್ದು 5 ಮೈಕ್ರಾನ್ ಎರಡು ಮೂರು ವಾರಕ್ಕೇ ಕಟ್ಟಿಕೊಳ್ಳುತ್ತಿದ್ದರೆ ಎರಡು ಬೌಲ್ ಹಾಕಿ. ಮೊದಲನೆಯದರಲ್ಲಿ 20 ಅಥವಾ 10, ಎರಡನೆಯದರಲ್ಲಿ 5. ಜರಡಿ ಹಿಡಿಯುವಾಗಲೂ ಮೊದಲು ದಪ್ಪ ಜರಡಿ, ಆಮೇಲೆ ಸಣ್ಣದು ಅಲ್ವಾ.

1 ಮೈಕ್ರಾನ್ ಹಾಕುವ ಮುಂಚೆ ನೀರಿನ ಒತ್ತಡ ನೋಡಿ. ಹತ್ತು ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಸುಮಾರು ಒಂದು ಕೆಜಿ (ಚದರ ಸೆಂಟಿಮೀಟರಿಗೆ) ಒತ್ತಡ ಸಿಗುತ್ತದೆ. ನಮ್ಮ ಒಂದಂತಸ್ತಿನ ಮನೆಗಳಲ್ಲಿ ತಾರಸಿ ಟ್ಯಾಂಕ್ ಅಡುಗೆಮನೆ ನಲ್ಲಿಗಿಂತ ಮೂರು ನಾಲ್ಕು ಮೀಟರ್ ಮೇಲಿರುತ್ತದೆ. ಅಂದರೆ 0.3–0.4 ಕೆಜಿ ಮಾತ್ರ. ಅಷ್ಟು ಸಣ್ಣ ಒತ್ತಡಕ್ಕೆ 1 ಮೈಕ್ರಾನ್ ಸ್ಪನ್ ಸ್ವಲ್ಪ ಕೊಳೆಯಾದರೂ ಸಾಕು, ಮೆಷಿನ್‌ಗೆ ನೀರು ಸಾಲುವುದಿಲ್ಲ. ಪಂಪ್ ಕರಕರ ಸದ್ದು ಮಾಡುತ್ತದೆ, ಇಲ್ಲವೇ ಆನ್ ಆಫ್ ಆಗುತ್ತಾ ಇರುತ್ತದೆ.

ಪ್ಯಾಕೆಟ್ ಮೇಲೆ 5 ಅಂತ ಬರೆದಿದ್ದರೂ ಅದು 5 ಮೈಕ್ರಾನಿನ ಕಣಗಳನ್ನು ನೂರಕ್ಕೆ ನೂರು ನಿಲ್ಲಿಸುತ್ತದೆ ಅಂತಲ್ಲ. ಸಾಮಾನ್ಯ ಸ್ಪನ್‌ಗಳು ಅದರಲ್ಲಿ ಹೆಚ್ಚಿನ ಪಾಲನ್ನು ಹಿಡಿಯುತ್ತವೆ, ಉಳಿದದ್ದು ಒಳಗೆ ಹೋಗುತ್ತದೆ. ಅದಕ್ಕೇ ಮೆಷಿನ್ ಒಳಗೂ ಒಂದು ಸೆಡಿಮೆಂಟ್ ಫಿಲ್ಟರ್ ಇಟ್ಟಿರುತ್ತಾರೆ. ಹೊರಗಿನದ್ದು ಹೊಸದಾಗಿ ಹಾಕಿದ್ದೇನೆ ಅಂತ ಒಳಗಿನದ್ದನ್ನು ವರ್ಷಗಟ್ಟಲೆ ಮರೆಯಬೇಡಿ.

ಸ್ಪನ್, ದಾರ ಸುತ್ತಿದ್ದು, ಮಡಿಕೆ ಮಡಿಕೆಯದ್ದು: ಯಾವುದು ತಗೊಳ್ಳಲಿ?

ಕುಡಿಯುವ ನೀರಿನ ಆರ್‌ಒಗೆ ಸ್ಪನ್. ದಾರ ಸುತ್ತಿದ್ದು ಮರಳನ್ನು ಚೆನ್ನಾಗಿ ತಡೆಯುತ್ತದೆ, ಮೊದಲನೇ ಬೌಲ್‌ಗೆ ಹಾಕಬಹುದು. ಮಡಿಕೆಯದ್ದು, ಅಂದರೆ ಪ್ಲೀಟೆಡ್, ದುಬಾರಿ. ಆದರೆ ಪಾಲಿಯೆಸ್ಟರ್ ಪ್ಲೀಟೆಡ್ ಆದರೆ ತೊಳೆದು ಕೆಲವು ಸಲ ಬಳಸಬಹುದು. ಇಡೀ ಮನೆಗೆ ಹಾಕುವ ದೊಡ್ಡ ಫಿಲ್ಟರ್‌ಗೆ ಅದು ಅನುಕೂಲ.

ಅಂಗಡಿಯಲ್ಲಿ ಒಳ್ಳೆಯ ಸ್ಪನ್ ಗುರುತಿಸುವುದು ಹೇಗೆ?

ಕೈಯಲ್ಲಿ ಹಿಡಿದು ನೋಡಿ. ಒಂದೇ ಅಳತೆಯ ಎರಡು ಸ್ಪನ್‌ಗಳಲ್ಲಿ ಒಂದು ತೀರಾ ಹಗುರವಾಗಿದ್ದರೆ ಅದರಲ್ಲಿ ಎಳೆ ಕಡಿಮೆ. ಹೆಬ್ಬೆರಳಿನಿಂದ ಒತ್ತಿ. ಹೊರಗೆ ಸ್ವಲ್ಪ ಮೆತ್ತಗಿದ್ದು ಒಳಗೆ ಗಟ್ಟಿ ಸಿಗಬೇಕು. ಹತ್ತಿಯಂತೆ ಪೂರ್ತಿ ಕುಸಿದರೆ ಬೇಡ. ಎರಡೂ ತುದಿ ನೇರವಾಗಿ ಕತ್ತರಿಸಿದೆಯಾ ನೋಡಿ.

ಉದ್ದವನ್ನಂತೂ ಅಳೆದೇ ತರಬೇಕು. ಇದನ್ನು ನಾನು ಕಲಿತದ್ದು ನಮ್ಮ ಮನೆಯಲ್ಲೇ. ಒಂದು ಸಲ ಕಡಿಮೆಗೆ ಸಿಕ್ಕಿತು ಅಂತ ಒಂದು ಡಜನ್ ಸ್ಪನ್ ತಂದಿದ್ದೆ. ಒಂದನ್ನು ನಮ್ಮ ಬೌಲ್‌ಗೆ ಹಾಕಿದೆ. ಎರಡು ತಿಂಗಳಾದರೂ ಸ್ಪನ್ ಬೆಳ್ಳಗೇ ಇತ್ತು. ನೀರು ಸುಧಾರಿಸಿದೆ ಅಂದುಕೊಂಡೆ. ಅಮ್ಮ ಮಾತ್ರ, "ಬಿಂದಿಗೆ ತಳದಲ್ಲಿ ಮಣ್ಣು ಹಂಗೇ ಕೂರ್ತಿದೆ ಕಣೋ, ಇದೊಂದು ಹೆಂಗೆ ಬೆಳ್ಳಗಿದೆ?" ಅಂದರು. ಬಿಚ್ಚಿ ನೋಡಿದರೆ ಸ್ಪನ್ ಬೌಲ್ ಒಳಗೆ ಲಟಲಟ ಆಡುತ್ತಿತ್ತು. ಮೇಲಿನ ತುದಿಗೂ ಮುಚ್ಚಳಕ್ಕೂ ನಡುವೆ ಬೆರಳ ಉಗುರು ತೂರುವಷ್ಟು ಸಂದು. ನೀರು ಸ್ಪನ್ ಒಳಗೆ ಹೋಗದೆ ಅದರ ತಲೆ ಮೇಲಿಂದ ಹಾದು ಹೋಗಿತ್ತು. ಮೆಷಿನ್ ಬಿಚ್ಚಿದಾಗ ಒಳಗಿನ ಸೆಡಿಮೆಂಟ್ ಫಿಲ್ಟರ್ ಚಾಕೊಲೇಟ್ ಬಣ್ಣಕ್ಕೆ ತಿರುಗಿತ್ತು. ಮೆಂಬ್ರೇನನ್ನೂ ಬದಲಿಸಬೇಕಾಯಿತು. ಉಳಿದ ಹನ್ನೊಂದನ್ನೂ ಯಾರ ಮನೆಗೂ ಹಾಕಲಿಲ್ಲ.

ಅಂದಿನಿಂದ ಹೊಸ ಸ್ಪನ್ ತರುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ ಅಂತ ಎಲ್ಲರಿಗೂ ಹೇಳುತ್ತೇನೆ. ಪಕ್ಕಪಕ್ಕ ನಿಲ್ಲಿಸಿದರೆ ಎತ್ತರ ಒಂದೇ ಇರಬೇಕು. ಬೌಲ್ ಬಿಗಿ ಮಾಡುವಾಗ ಕೊನೆಯ ಸುತ್ತಿನಲ್ಲಿ ಸ್ಪನ್ ಒತ್ತಿಕೊಳ್ಳುವುದು ಕೈಗೆ ಗೊತ್ತಾಗಬೇಕು. ನೀರಲ್ಲಿ ಮಣ್ಣಿದೆ ಅಂತ ಗೊತ್ತಿದ್ದೂ ಸ್ಪನ್ ಬೆಳ್ಳಗೇ ಉಳಿದರೆ ಬಿಚ್ಚಿ ನೋಡಿ.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಮೂರು ತಿಂಗಳು ಅಂತಾರಲ್ಲ?

ಮೂರು ತಿಂಗಳು ಅನ್ನುವುದು ಒಂದು ಅಂದಾಜು. ನಿಮ್ಮ ಬೋರ್‌ವೆಲ್‌ಗೆ ಕ್ಯಾಲೆಂಡರ್ ಗೊತ್ತಿಲ್ಲ. ಒಂದೇ ಬೀದಿಯಲ್ಲಿ ಒಬ್ಬರ ಸ್ಪನ್ ನಾಲ್ಕು ತಿಂಗಳು ಬರುತ್ತದೆ, ಇನ್ನೊಬ್ಬರದ್ದು ಇಪ್ಪತ್ತೇ ದಿನ. ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಾಗ, ಪಂಪನ್ನು ಇನ್ನೆರಡು ಪೈಪ್ ಕೆಳಗೆ ಬಿಟ್ಟಾಗ, ಬೋರ್‌ವೆಲ್ ಫ್ಲಶಿಂಗ್ ಮಾಡಿಸಿದಾಗ, ರಸ್ತೆ ಅಗೆದು ಪೈಪ್ ಒಡೆದು ಸರಿಮಾಡಿದಾಗ ಸ್ಪನ್ ಬೇಗ ತುಂಬುತ್ತದೆ.

ನಾನು ಮಾಡುವುದು ಹೀಗೆ. ಹೊಸ ಸ್ಪನ್ ಹಾಕಿದ ದಿನ, ಪ್ರೀ ಫಿಲ್ಟರ್‌ನಿಂದ ಮೆಷಿನ್‌ಗೆ ಹೋಗುವ ಸಣ್ಣ ಪೈಪನ್ನು ಬಿಡಿಸಿ ಒಂದು ಲೀಟರ್ ಬಾಟಲ್ ತುಂಬಲು ಎಷ್ಟು ಸೆಕೆಂಡ್ ಆಯಿತು ಅಂತ ನೋಡುತ್ತೇನೆ. ತಾರೀಖು, ಸೆಕೆಂಡ್ ಎರಡನ್ನೂ ಮಾರ್ಕರ್‌ನಲ್ಲಿ ಬೌಲ್‌ನ ಮುಚ್ಚಳದ ಮೇಲೆ ಬರೆಯುತ್ತೇನೆ. ತಿಂಗಳಿಗೊಮ್ಮೆ ಹಾಗೇ ಅಳೆಯಿರಿ. ಸಮಯ ಎರಡರಷ್ಟಾದರೆ ಬದಲಿಸುವ ಹೊತ್ತು ಬಂತು. ಟ್ಯಾಂಕ್‌ನಲ್ಲಿ ನೀರು ಹೆಚ್ಚು ಕಡಿಮೆ ಅದೇ ಮಟ್ಟದಲ್ಲಿರುವಾಗ ಅಳೆಯಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಬಣ್ಣ ಮಾತ್ರ ನೋಡಿ ಗಾಬರಿಯಾಗಬೇಡಿ. ಕೆಮ್ಮಣ್ಣಿನ ನಾಡಿನಲ್ಲಿ ಸ್ಪನ್ ಒಂದೇ ವಾರಕ್ಕೆ ಕೆಂಪಾಗಬಹುದು, ಆದರೂ ನೀರು ಚೆನ್ನಾಗಿ ಬಿಡುತ್ತಿರುತ್ತದೆ. ಲೋಳೆ ಕಂಡರೆ, ವಾಸನೆ ಬಂದರೆ ಮಾತ್ರ ಆ ದಿನವೇ ತೆಗೆಯಿರಿ. ಎಷ್ಟೇ ಚೆನ್ನಾಗಿ ಕಂಡರೂ ಆರು ತಿಂಗಳಿಗಿಂತ ಜಾಸ್ತಿ ಬಿಡಬೇಡಿ. ತೇವದಲ್ಲಿ ಕ್ರಿಮಿಗಳು ಮನೆ ಮಾಡುತ್ತವೆ.

ತೊಳೆದು ಮತ್ತೆ ಹಾಕಬಹುದಾ?

ಬ್ರಷ್ ಹಾಕಿ ಉಜ್ಜಿದರೆ ಮೇಲಿನ ಕೆಸರು ಹೋಗಿ ಬೆಳ್ಳಗೆ ಕಾಣುತ್ತದೆ. ಒಳಪದರದಲ್ಲಿ ಸಿಕ್ಕಿರುವುದು ಬರುವುದಿಲ್ಲ. ಉಜ್ಜಿದ ಕಡೆ ಎಳೆಗಳು ಎದ್ದು ದಾರಿ ಬಿಡುತ್ತವೆ, ಅಲ್ಲಿಂದ ಮಣ್ಣು ನುಗ್ಗುತ್ತದೆ. ಹೊಸದು ಸಿಗುವವರೆಗೆ ಎರಡು ದಿನದ ಮಟ್ಟಿಗೆ ನಲ್ಲಿ ನೀರಲ್ಲಿ ಮೆಲ್ಲಗೆ ತೊಳೆದು ಹಾಕಿದರೆ ಪರವಾಗಿಲ್ಲ. ಅದನ್ನೇ ರೂಢಿ ಮಾಡಿಕೊಳ್ಳಬೇಡಿ. ಸ್ಪನ್‌ನ ಬೆಲೆ ನೂರಿನ ಲೆಕ್ಕದಲ್ಲಿ, ಮೆಂಬ್ರೇನ್‌ನದ್ದು ಸಾವಿರದ ಲೆಕ್ಕದಲ್ಲಿ.

ನಾವೇ ಬದಲಿಸಬಹುದಾ? ಮೆಕ್ಯಾನಿಕ್ ಬರಲೇಬೇಕಾ?

ಖಂಡಿತ ನೀವೇ ಮಾಡಬಹುದು. ಒಂದು ಸಲ ನೋಡಿ ಕಲಿತರೆ ಹತ್ತು ನಿಮಿಷದ ಕೆಲಸ. ಮುಳಬಾಗಿಲು ಕಡೆ ಒಬ್ಬ ಅಕ್ಕನಿಗೆ ಒಂದು ಸಲ ತೋರಿಸಿಕೊಟ್ಟೆ. ಈಗ ಅವರ ಓರಗಿತ್ತಿ ಮನೆಯದ್ದನ್ನೂ ಅವರೇ ಮಾಡುತ್ತಾರೆ.

ಮೊದಲು ಮೆಷಿನ್‌ನ ಸ್ವಿಚ್ ಆರಿಸಿ ಪ್ಲಗ್ ತೆಗೆಯಿರಿ. ನೀರು ಬರುವ ಸಣ್ಣ ವಾಲ್ವ್ ಮುಚ್ಚಿ. ಬೌಲ್ ಕೆಳಗೆ ಬಕೆಟ್ ಇಡಿ. ಮುಚ್ಚಳದ ಮೇಲೆ ಕೆಂಪು ಗುಂಡಿ ಇದ್ದರೆ ಒತ್ತಿ, ಒಳಗಿನ ಒತ್ತಡ ಹೋಗುತ್ತದೆ. ಗುಂಡಿ ಇಲ್ಲದಿದ್ದರೆ ಮೆಷಿನ್ ಕಡೆಯ ಪೈಪ್ ಬಿಡಿಸಿ. ಆಮೇಲೆ ಸ್ಪ್ಯಾನರ್ ಹಾಕಿ ಬೌಲ್ ತಿರುಗಿಸಿ. ಕೆಳಗೆ ನಿಂತು ಮೇಲೆ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರು ದಿಕ್ಕು. ಬೌಲ್ ತುಂಬಿದಾಗ ಭಾರ ಇರುತ್ತದೆ, ಕೆಳಗೆ ಒಂದು ಕೈ ಕೊಟ್ಟಿರಿ.

ಹಳೆಯ ಸ್ಪನ್ ತೆಗೆದ ಮೇಲೆ ಬೌಲ್ ತಳದ ಕೆಸರನ್ನು ಪೂರ್ತಿ ತೊಳೆಯಿರಿ. ಅಂಚಿನಲ್ಲಿ ಕಪ್ಪು ರಬ್ಬರ್ ಉಂಗುರ ಇರುತ್ತದೆ, ಅದೇ ಓ ರಿಂಗ್. ಅದನ್ನು ತೆಗೆದು, ಅದು ಕೂರುವ ಕಾಲುವೆಯನ್ನು ಬಟ್ಟೆಯಲ್ಲಿ ಒರೆಸಿ. ಒಂದೇ ಒಂದು ಮರಳಿನ ಕಾಳು ಉಳಿದರೂ ಅಲ್ಲಿಂದ ಸೋರುತ್ತದೆ. ಉಂಗುರಕ್ಕೆ ನೀರು ಸವರಿದರೆ ಸಾಕು. ವ್ಯಾಸಲಿನ್, ಕೊಬ್ಬರಿ ಎಣ್ಣೆ ಹಚ್ಚಬೇಡಿ, ರಬ್ಬರ್ ಉಬ್ಬಬಹುದು. ಹೊಸ ಸ್ಪನ್‌ನ ಪ್ಲಾಸ್ಟಿಕ್ ಕವರನ್ನು ಪೂರ್ತಿ ತೆಗೆದು, ಬೌಲ್ ತಳದ ಗುಬುಟಿನ ಮೇಲೆ ನೇರವಾಗಿ ಕೂರಿಸಿ. ಕವರ್ ತೆಗೆಯದೇ ಹಾಕಿ, ನೀರೇ ಬರುತ್ತಿಲ್ಲ ಅಂತ ಕರೆದವರೂ ಇದ್ದಾರೆ, ಅದಕ್ಕೆ ಹೇಳುತ್ತಿದ್ದೇನೆ.

ಬೌಲ್ ಅನ್ನು ಕೈಯಲ್ಲೇ ಬಿಗಿ ಮಾಡಿ, ಸ್ಪ್ಯಾನರ್‌ನಿಂದ ಸ್ವಲ್ಪವೇ ಸ್ವಲ್ಪ. ಮೆಷಿನ್‌ಗೆ ಹೋಗುವ ಪೈಪ್ ಇನ್ನೂ ಸೇರಿಸಬೇಡಿ. ವಾಲ್ವ್ ಮೆಲ್ಲಗೆ ತೆರೆದು, ಮೊದಲ ಒಂದು ಬಕೆಟ್ ನೀರನ್ನು ಹೊರಗೆ ಬಿಡಿ. ಹೊಸ ಸ್ಪನ್‌ನಲ್ಲಿ ಉಳಿದ ಸಡಿಲ ಎಳೆ, ಗಾಳಿ ಎಲ್ಲ ಹೋಗುತ್ತದೆ. ಆಮೇಲೆ ಪೈಪ್ ಸೇರಿಸಿ.

ಹಾಕಿದ ಮೇಲೆ ಸೋರುತ್ತಿದೆ. ಇನ್ನೂ ಬಿಗಿ ಮಾಡಲಾ?

ಬೇಡ. ಅತಿಯಾಗಿ ಬಿಗಿ ಮಾಡಿದರೆ ಮುಚ್ಚಳದ ಥ್ರೆಡ್ ಬಿರುಕು ಬಿಡುತ್ತದೆ. ಬಿಚ್ಚಿ, ಉಂಗುರ ತಿರುಚಿಕೊಂಡಿದೆಯಾ ನೋಡಿ. ಚಪ್ಪಟೆಯಾಗಿದ್ದರೆ ಹೊಸದು ಹಾಕಿ. ಪೈಪ್ ಕಚ್ಚುವ ಜಾಗದಲ್ಲಿ ಸೋರಿದರೆ ಟೆಫ್ಲಾನ್ ಟೇಪ್ ತೆಗೆದು ಹೊಸದಾಗಿ ಸುತ್ತಿ.

ಬೌಲ್ ಒಳಗೆ ಹಸಿರು ಬರುತ್ತಿದೆ.

ಬಿಸಿಲು ಬೀಳುತ್ತಿದೆ. ಪಾರದರ್ಶಕ ಬೌಲ್‌ಗೆ ಬೆಳಕು ಸಿಕ್ಕರೆ ಪಾಚಿ ಕಟ್ಟುತ್ತದೆ. ಜಾಗ ಬದಲಿಸಿ, ಇಲ್ಲವೇ ಬಟ್ಟೆಯ ಚೀಲ ಹೊಲಿದು ತೊಡಿಸಿ. ಬೌಲ್ ತೊಳೆಯಲು ಬ್ಲೀಚ್ ಬಳಸಿದರೆ ಚೆನ್ನಾಗಿ ಜಾಲಿಸಿ. ಕ್ಲೋರಿನ್ ಮೆಂಬ್ರೇನ್‌ಗೆ ಆಗಿಬರುವುದಿಲ್ಲ.

ಸ್ಪನ್ ಬದಲಿಸಿದರೂ ನಲ್ಲಿಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಯಾಕೆ?

ಅದು ಗಡಸು ನೀರಿನ ಸುಣ್ಣ, ಕರಗಿರುವಂಥದ್ದು. ಸ್ಪನ್‌ನ ಕೆಲಸವಲ್ಲ. ಮೆಂಬ್ರೇನ್ ಮೇಲೆ ಅದು ಗಟ್ಟಿಯಾಗದಂತೆ ಆ್ಯಂಟಿಸ್ಕೇಲೆಂಟ್ ಹರಳುಗಳ ಫಿಲ್ಟರ್ ಬೇರೆ ಸಿಗುತ್ತದೆ.

ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ನಮ್ಮ ಬೋರ್‌ವೆಲ್‌ನಲ್ಲಿ ನೀರು ಬಂದಿದೆ. ಸ್ಪನ್ ಸಾಕಾ?

ಬತ್ತಿದ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಕಂಡ ಸಂತೋಷ ಏನು ಅಂತ ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರನ್ನು ನಮ್ಮ ಕೆರೆಗಳಿಗೆ ಹರಿಸುತ್ತಿರುವುದು ಅಂತರ್ಜಲ ಹೆಚ್ಚಿಸುವುದಕ್ಕೆ, ನೇರವಾಗಿ ಕುಡಿಯುವುದಕ್ಕಲ್ಲ. ಕೆರೆ ಹತ್ತಿರದ ಬೋರ್‌ವೆಲ್ ನೀರು ಕುಡಿಯುವವರು ಸ್ಪನ್ ನಂಬಿ ಸುಮ್ನೆ ಕೂರಬೇಡಿ. ವರ್ಷಕ್ಕೊಮ್ಮೆಯಾದರೂ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. ಫ್ಲೋರೈಡ್, ನೈಟ್ರೇಟ್, ಬ್ಯಾಕ್ಟೀರಿಯಾ ಮೂರನ್ನೂ ಕೇಳಿ. ಟಿಡಿಎಸ್ ಮೀಟರ್ ಇವುಗಳಲ್ಲಿ ಒಂದನ್ನೂ ಬಿಡಿಸಿ ಹೇಳುವುದಿಲ್ಲ.

ಟ್ಯಾಂಕರ್ ನೀರು ಹಾಕಿಸುತ್ತೇವೆ. ಏನು ಮಾಡಬೇಕು?

ಟ್ಯಾಂಕರ್ ಸುರಿದ ತಕ್ಷಣ ಸಂಪಿನ ತಳದ ಮಣ್ಣೆಲ್ಲ ಏಳುತ್ತದೆ. ನಾಲ್ಕೈದು ಗಂಟೆ ಬಿಟ್ಟು ಮೇಲಿನ ಟ್ಯಾಂಕ್‌ಗೆ ಏರಿಸಿ. ತಾರಸಿ ಟ್ಯಾಂಕ್‌ನಿಂದ ಹೊರಡುವ ಪೈಪ್ ತಳಕ್ಕಿಂತ ಮೂರು ನಾಲ್ಕು ಇಂಚು ಮೇಲಿರಲಿ. ಸಂಪು, ಟ್ಯಾಂಕ್ ಎರಡನ್ನೂ ಆರು ತಿಂಗಳಿಗೊಮ್ಮೆ ತೊಳೆಸಿದರೆ ಸ್ಪನ್‌ಗೆ ಎಷ್ಟೋ ಭಾರ ಕಡಿಮೆ.

ತೆಗೆದ ಹಳೆಯ ಸ್ಪನ್ ಏನು ಮಾಡಲಿ?

ಸುಡಬೇಡಿ, ಅದು ಪ್ಲಾಸ್ಟಿಕ್. ಎಸೆಯುವ ಮುಂಚೆ ಒಂದು ಕೆಲಸ ಮಾಡಿ. ಹ್ಯಾಕ್ಸಾ ಬ್ಲೇಡ್‌ನಿಂದ ನಡುವೆ ಅಡ್ಡಕ್ಕೆ ಕೊಯ್ಯಿರಿ. ಮರದ ದಿಮ್ಮಿ ಕೊಯ್ದಂತೆ ಒಳಗಿನ ಸುತ್ತುಗಳು ಕಾಣುತ್ತವೆ. ಹೊರಗಿನ ಸುತ್ತು ಕಡು ಕಂದು, ಒಳಗೆ ಹೋದಂತೆ ತಿಳಿಯಾಗಿ, ತೂತಿನ ಪಕ್ಕ ಬೆಳ್ಳಗಿದ್ದರೆ ಸರಿಯಾದ ಸಮಯಕ್ಕೆ ತೆಗೆದಿದ್ದೀರಿ. ತೂತಿನವರೆಗೂ ಕಂದು ಇಳಿದಿದ್ದರೆ ತಡವಾಗಿದೆ, ಮುಂದಿನ ಸಲ ಬೇಗ ಬದಲಿಸಿ. ಹೊರಗೆ ತೆಳ್ಳನೆಯ ಒಂದು ಪದರ ಮಾತ್ರ ಕೆಸರಾಗಿ, ಒಳಗೆಲ್ಲ ಬೆಳ್ಳಗಿದ್ದೂ ನೀರು ನಿಂತಿದ್ದರೆ ನಿಮ್ಮ ನೀರಿಗೆ ಆ ಮೈಕ್ರಾನ್ ತೀರಾ ಸಣ್ಣದು. ಅದರ ಮುಂದೆ ಒಂದು 20 ಮೈಕ್ರಾನ್ ಬೌಲ್ ಸೇರಿಸಿ. ಆ ಅರ್ಧ ತುಂಡನ್ನು ಅಂಗಡಿಗೆ ಒಯ್ದು ತೋರಿಸಿದರೆ, ಯಾವುದು ಕೊಡಬೇಕು ಅಂತ ಅವರಿಗೂ ತಿಳಿಯುತ್ತದೆ.